ಬರಲ್ಲ ಅಂದ ಬೋಲ್ಟು

ಆ ದಿನ ಬೆಳಿಗ್ಗೆ ಗಾಪ್‌ಸೆಂಗ್ ಸಮ್‌ಚುನ್ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬಿದ್ದರು. ಕಲ್ಲುಗೋಡೆಯ ತಿರುವಿನಾಚೆ ಯಾವುದೋ ಲಾರಿ ಕೆಮ್ಮಿಕೊಂಡು ಬರುತ್ತಿದೆ ಅಂದುಕೊಂಡೆವು. ನೋಡಿದರೆ ಅದೇ ಹಳೇ ನೂರು ಸಿಸಿ ಗಾಡಿ. ಹಿಂದೆ ಕಟ್ಟಿದ ಕಿತ್ತಳೆ ಬಣ್ಣದ ತೇಲುಬುರುಡೆ, ಅದಕ್ಕೆ ಸುತ್ತಿದ ಬಲೆ, ಮುಂದೆ ಕಪ್ಪು ರಬ್ಬರಿನ ಮುಳುಗುಡುಗೆ ಹಾಕಿಕೊಂಡು ನೆಟ್ಟಗೆ ಕೂತ ಸಮ್‌ಚುನ್.

ಜೇಜು ದ್ವೀಪದಲ್ಲಿ ಹಿರಿಯರನ್ನೆಲ್ಲ ಸಮ್‌ಚುನ್ ಅಂತಲೇ ಕರೆಯುತ್ತಾರೆ. ಪದದ ಅರ್ಥ ಚಿಕ್ಕಪ್ಪ. ಮದುವೆಯಾಗಿ ಸಮುದ್ರದಾಚೆಯ ಮೊಕ್ಪೊದಿಂದ ಇಲ್ಲಿಗೆ ಬಂದ ಹೊಸದರಲ್ಲಿ, ಎಪ್ಪತ್ತು ದಾಟಿದ ಹೆಂಗಸರನ್ನು ಚಿಕ್ಕಪ್ಪ ಅನ್ನಬೇಕಲ್ಲ ಅಂತ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಈಗ ನನಗೇ ಐವತ್ತೆಂಟು. ಆದರೂ ನಮ್ಮೂರಿನಲ್ಲಿ ಸಮುದ್ರಕ್ಕೆ ಮುಳುಗಿ ಚಿಪ್ಪು ಹೆಕ್ಕುವ ಹೆಂಗಸರಲ್ಲಿ ನಾನೇ ಕಿರಿಯವಳು. ಹಾಗಾಗಿ ಬೆಂಕಿ ಹಾಕೋದು, ಕಾಫಿ ಕಲಸೋದು, ಬೈಸಿಕೊಳ್ಳೋದು ಎಲ್ಲ ನನ್ನ ಪಾಲಿಗೆ. ಗಾಪ್‌ಸೆಂಗ್ ಸಮ್‌ಚುನ್‌ಗೆ ಎಪ್ಪತ್ತೇಳು. ನನಗೆ ಉಸಿರು ಹಿಡಿಯುವುದನ್ನು ಕಲಿಸಿದವರು ಅವರೇ.

"ಏನಾಯ್ತು ಗಾಡಿಗೆ?" ಅಂದೆ.

"ಬಾಯಿ ಬಿಟ್ಟಿದೆ," ಅಂದರು ಸಮ್‌ಚುನ್.

ಬಗ್ಗಿ ನೋಡಿದೆ. ಸೈಲೆನ್ಸರಿನ ಕೊಳವೆಯನ್ನು ಎಂಜಿನ್ನಿಗೆ ಬಿಗಿದಿಡುವ ಎರಡು ಬೋಲ್ಟುಗಳಲ್ಲಿ ಒಂದು ತುಂಡಾಗಿತ್ತು. ವರ್ಷಗಟ್ಟಲೆ ಉಪ್ಪುನೀರು ತೊಟ್ಟಿಕ್ಕುವ ಮುಳುಗುಡುಗೆಯಲ್ಲಿ ಕೂತು ಓಡಿಸಿದ ಗಾಡಿ, ಕಬ್ಬಿಣ ಎಷ್ಟೂಂತ ತಾಳೀತು. ತುದಿ ಎಲ್ಲೋ ರಸ್ತೆಯಲ್ಲಿ ಉದುರಿಹೋಗಿತ್ತು. ಬುಡ ಎಂಜಿನ್ನಿನ ಹೆಡ್ಡಿನೊಳಗೇ ಉಳಿದು, ಉಗುರಿನಷ್ಟು ಹೊರಗೆ ಇಣುಕುತ್ತಿತ್ತು. ಕೊಳವೆ ಒಂದು ಪಕ್ಕ ಸಡಿಲವಾಗಿ, ಆ ಸಂದಿನಿಂದ ಸದ್ದೆಲ್ಲ ನುಗ್ಗಿ ಬರುತ್ತಿತ್ತು.

ಅದು ಎರಡನೇ ಚಾಂದ್ರಮಾಸದ ಶುರು. ಗಾಳಿಯ ದೇವತೆ ಯೊಂಗ್‌ಡುಂಗ್ ಅಜ್ಜಿ ದ್ವೀಪಕ್ಕೆ ಬಂದು ಇಳಿಯುವ ಕಾಲ. ಅವಳು ಹೊರಟುಹೋಗುವವರೆಗೆ ಮುಳುಗುವ ಹೆಂಗಸರು ಯಾರೂ ನೀರಿಗೆ ಇಳಿಯುವುದಿಲ್ಲ. ಆ ದಿನ ಕೊನೆಯ ಸಲ ಮುಳುಗಿ, ಚಿಪ್ಪು ತೂಗಿ ಕೊಟ್ಟು, ನಾನು ಸಮ್‌ಚುನ್ ಹಿಂದೆ ಗಾಡಿ ಹತ್ತಿದೆ, ಇಬ್ಬರೂ ಮುನ್‌ಸು ಅಂಗಡಿಗೆ ಹೋದೆವು. ಹೋಗುವಾಗ ದಾರಿಯಲ್ಲಿದ್ದ ನಾಯಿಗಳೆಲ್ಲ ನಮ್ಮನ್ನು ಬೀಳ್ಕೊಟ್ಟವು.

ಮುನ್‌ಸು ನಮ್ಮೂರಿನ ಒಬ್ಬನೇ ಗಾಡಿ ರಿಪೇರಿಯವನು. ನಲವತ್ತು ಚಿಲ್ಲರೆ ವಯಸ್ಸು, ಮಾತು ಕಮ್ಮಿ, ಕೈಯಲ್ಲಿ ಒಳ್ಳೇ ಕೆಲಸ. ನೀರಲ್ಲಿ ಬಿದ್ದ ಗಾಡಿಯನ್ನೂ ಎಬ್ಬಿಸಿ ಓಡಿಸಿದವನು. ಆ ದಿನ ಬಗ್ಗಿದ, ನೋಡಿದ, ಎದ್ದ. ಅಷ್ಟೇ.

"ಬರಲ್ಲ ಸಮ್‌ಚುನ್."

"ಏನು ಬರಲ್ಲ?"

"ಆ ಬೋಲ್ಟು. ಒಳಗೆ ಹಿಡ್ಕೊಂಡ್ಬಿಟ್ಟಿದೆ. ಹೆಡ್ಡೇ ಬದಲಾಯಿಸ್ಬೇಕು. ಈ ಕಾಲದಲ್ಲಿ ಈ ಗಾಡಿಗೆ ಹೆಡ್ ಎಲ್ಲಿಂದ ತರ್ಲಿ?"

"ಎಣ್ಣೆ ಬಿಟ್ಟು ನೋಡಿದ್ಯಾ?"

"ನೋಡ್ದೆ."

"ಯಾವಾಗ ನೋಡ್ದೆ? ನಿನ್ನ ಕೈಗೆ ಇನ್ನೂ ಮಸಿನೇ ಆಗಿಲ್ವಲ್ಲೋ."

ಮುನ್‌ಸು ಮಸಿಯೇ ಇಲ್ಲದ ಕೈಯನ್ನು ಬಟ್ಟೆಯಿಂದ ಒರೆಸಿಕೊಂಡ. ಆಮೇಲೆ ಮೂಲೆಯಲ್ಲಿ ನಿಲ್ಲಿಸಿದ್ದ ನಾಲ್ಕು ಚಕ್ರದ ಕರೆಂಟ್ ಗಾಡಿಯ ಕಡೆ ಕೈ ತೋರಿಸಿದ. ಮುದುಕರು ಕೂತು ಹೊಲಕ್ಕೆ ಹೋಗುತ್ತಾರಲ್ಲ, ಅಂಥದ್ದು. "ಇದನ್ನ ತಗೊಳ್ಳಿ ಸಮ್‌ಚುನ್. ಬೀಳೋ ಭಯ ಇಲ್ಲ. ಬಿಸಿಲಿಗೆ ಛತ್ರಿ ಕೂಡ ಇದೆ."

"ನಾನು ಸೊಂಟಕ್ಕೆ ಸೀಸ ಕಟ್ಕೊಂಡು ಸಮುದ್ರದ ತಳಕ್ಕೆ ಹೋಗಿ ಬರ್ತೀನಿ ಕಣೋ. ಅಲ್ಲಿಗೂ ಛತ್ರಿ ಹಿಡೀತೀಯಾ?"

ಸಮ್‌ಚುನ್ ಅವನನ್ನೇ ನೋಡುತ್ತಾ ನಿಂತರು. ನೀರಿನಡಿ ಕಲ್ಲಿನ ಸಂದಿಯಲ್ಲಿ ಏನಿದೆ ಅಂತ ನೋಡುವಾಗಲೂ ಅವರ ಮುಖ ಹಾಗೇ ಇರುತ್ತದೆ.

"ಸಂಗ್‌ಬೊಮ್ ಫೋನ್ ಮಾಡಿದ್ನಾ?"

ಮುನ್‌ಸು ಗಾಳಿ ತುಂಬುವ ಯಂತ್ರದ ಕಡೆ ಮುಖ ತಿರುಗಿಸಿದ. "ಸಂಗ್‌ಬೊಮ್ ಅಣ್ಣ ತುಂಬಾ ಕೇಳ್ಕೊಂಡ್ರು ಸಮ್‌ಚುನ್. ಏನು ತೊಂದರೆ ಅಂತ ಬಂದ್ರೂ ಆಗಲ್ಲ ಅಂದ್ಬಿಡು ಅಂದ್ರು. ನಾನೇನು ಮಾಡ್ಲಿ?"

ಸಂಗ್‌ಬೊಮ್ ಅವರ ಒಬ್ಬನೇ ಮಗ. ಜೇಜು ಪಟ್ಟಣದಲ್ಲಿ ಬಸ್ ಓಡಿಸುತ್ತಾನೆ. ಹೋದ ಶರತ್ಕಾಲದಲ್ಲಿ ಸಮ್‌ಚುನ್ ಗುಡ್ಡದ ರಸ್ತೆಯಲ್ಲಿ ಬರುವಾಗ ಕಾಡುಜಿಂಕೆ ಅಡ್ಡ ನುಗ್ಗಿ, ಗಾಡಿ ಮಗುಚಿ, ಅವರ ಭುಜದ ಮೂಳೆ ಬಿರುಕು ಬಿಟ್ಟಿತ್ತು. ಮಗನಿಗೆ ಹೇಳಿರಲಿಲ್ಲ. ಹಬ್ಬಕ್ಕೆ ಬಂದಾಗ ಅಮ್ಮ ಬಟ್ಟಲನ್ನು ಎಡಗೈಯಲ್ಲಿ ಎತ್ತುತ್ತಿರುವುದನ್ನು ಕಂಡು ಅವನೇ ಹಿಡಿದುಹಾಕಿದ. ಅವತ್ತಿನಿಂದ ಗಾಡಿ ಬಿಡು, ಗಾಡಿ ಬಿಡು ಅಂತ ಒಂದೇ ಪಾಠ.

ಸಮ್‌ಚುನ್ ಮುನ್‌ಸುವನ್ನು ಬೈಯಲಿಲ್ಲ. ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಸುಮ್ಮನೆ ಗಾಡಿ ಹತ್ತಿ, ಒದ್ದು ಚಾಲೂ ಮಾಡಿ, ಆ ಸಣ್ಣ ಅಂಗಡಿಯೊಳಗೇ ಒಂದೆರಡು ಸಲ ಜೋರಾಗಿ ಎಕ್ಸಿಲರೇಟರ್ ತಿರುವಿದರು. ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳೆಲ್ಲ ಗಲಗಲ ಅಂದವು. ಆಮೇಲೆ ಹೊರಟೆವು.

ಅರ್ಧ ದಾರಿಯಲ್ಲಿ, "ನಿನ್ನ ಗಂಡನ ಹತ್ರ ಡ್ರಿಲ್ ಇದೆಯೇನೇ?" ಅಂತ ಕೂಗಿದರು.

ನನ್ನ ಗಂಡ ಮೀನುದೋಣಿಯವನು, ಅವನ ಹತ್ತಿರ ಎಲ್ಲ ಸಾಮಾನೂ ಇದೆ. ಅವನು ಮೀನಿಗೆ ಹೋಗಿದ್ದ. ಕೇಳಬೇಕಾದವನು ಮನೆಯಲ್ಲಿಲ್ಲದ್ದು ಒಳ್ಳೇದೇ ಆಯಿತು ಅಂತ ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದೆ.

ದಡದಲ್ಲಿ ನಾವು ಬಟ್ಟೆ ಬದಲಾಯಿಸುವ ಮನೆ ಇದೆ. ನಡುವೆ ಬೆಂಕಿಗುಂಡಿ, ಸುತ್ತ ಚಾಪೆ. ಗಾಡಿಯನ್ನು ಒಳಗೆ ತಂದು ನಿಲ್ಲಿಸಿದೆವು. ಅಲ್ಲಿ ಆಗಲೇ ವೊಲ್‌ಹ್ವಾ ಸಮ್‌ಚುನ್ ಕೂತಿದ್ದರು. ಎಂಬತ್ತು ದಾಟಿ ಮುಳುಗೋದು ಬಿಟ್ಟಿದ್ದರೂ ಬೆಂಕಿಗೆ ಮೈ ಕಾಯಿಸಿಕೊಳ್ಳಲು, ಉಳಿದವರನ್ನು ಆಡಿಕೊಳ್ಳಲು ದಿನಾ ಬರುತ್ತಾರೆ.

ಮೊದಲ ದಿನ ಕೆಲಸ ಏನೂ ಇಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಬೋಲ್ಟಿನ ಬುಡಕ್ಕೆ ಬಿಡುವುದು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಮತ್ತೆ ಎಣ್ಣೆ ಬಿಡುವುದು. ಸಮ್‌ಚುನ್ ಕತ್ತಲಾಗುವವರೆಗೆ ಅದನ್ನೇ ಮಾಡಿದರು.

"ಗಂಡ ಬದುಕಿದ್ದಾಗ ಅವನ ಬೆನ್ನಿಗೂ ಇಷ್ಟು ಎಣ್ಣೆ ತಿಕ್ಕಿರ್ಲಿಲ್ಲ ಇವಳು," ಅಂದರು ವೊಲ್‌ಹ್ವಾ ಸಮ್‌ಚುನ್.

"ಅವನು ಹೇಳಿದ ತಕ್ಷಣ ಎದ್ದು ಬರ್ತಿದ್ದ ಅಕ್ಕಾ. ಇದು ಬರಲ್ಲ ಅಂತಿದೆ."

ಮರುದಿನ ಆತುರಪಟ್ಟೆವು. ತಪ್ಪು ಸಮ್‌ಚುನ್‌ದೇ. ಸಿಟ್ಟು ಇನ್ನೂ ಆರಿರಲಿಲ್ಲ. ಬೋಲ್ಟಿನ ಮೂತಿಯನ್ನು ಇಕ್ಕಳದಲ್ಲಿ ಕಚ್ಚಿಸಿದರು. ಕಾಯಿಸೋಣ ತಡೀರಿ ಅಂದೆ, ಕೇಳಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿ ತಿರುವಿದರು. ಟಕ್ ಅಂತ ಒಂದು ಸದ್ದು. ಬೋಲ್ಟು ತಿರುಗಿತು ಅಂದುಕೊಂಡೆ. ತಿರುಗಿರಲಿಲ್ಲ, ಮತ್ತೆ ಮುರಿದಿತ್ತು. ಹೊರಗಿದ್ದ ಉಗುರಿನಷ್ಟು ಕಬ್ಬಿಣವೂ ಇಕ್ಕಳದ ಬಾಯಿಗೆ ಬಂದು, ಎಂಜಿನ್ನಿನ ಮೈಯ ಮಟ್ಟಕ್ಕೆ ಒಂದು ಹೊಳೆಯುವ ಚುಕ್ಕೆ ಮಾತ್ರ ಉಳಿಯಿತು. ಹಿಡಿಯಲು ಇನ್ನೇನೂ ಇರಲಿಲ್ಲ.

ಹೊರಗೆ ಗಾಳಿ ತಗಡಿನ ಮಾಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ಕೊನೆಗೆ ವೊಲ್‌ಹ್ವಾ ಸಮ್‌ಚುನ್ ಮೆಲ್ಲಗೆ, "ಮುನ್‌ಸುನ ಕರೆಸಿದ್ರೆ ಏನೀಗ? ಪಾಪ, ಹುಡುಗ ಕೆಟ್ಟವನಲ್ಲ," ಅಂದರು.

"ಕೆಟ್ಟವನಲ್ಲ. ಸುಳ್ಳ." ಸಮ್‌ಚುನ್ ಇಕ್ಕಳದಿಂದ ಆ ಚೂರನ್ನು ಬಿಡಿಸಿ ಬೆಂಕಿಗುಂಡಿಗೆ ಎಸೆದರು. "ಅವನು ಮೊದಲ ದಿನ ನಿಜವಾಗ್ಲೂ ಪ್ರಯತ್ನ ಪಟ್ಟು, ಮುರಿದು, ಆಗಲ್ಲ ಅಂದಿದ್ರೆ ನಾನು ಗಾಡಿಗೆ ಕೈ ಮುಗಿದು ಮನೆಗೆ ಹೋಗ್ತಿದ್ದೆ. ಈಗ ಹೋಗಲ್ಲ. ಎಂಜಿನ್ನು ಹಾಳಾದ್ರೂ ನನ್ನ ಕೈಲೇ ಹಾಳಾಗ್ಲಿ."

ಆ ಸಂಜೆ ಗಂಡನಿಗೆ ಫೋನ್ ಮಾಡಿದೆ. ಸಾಮಾನು ಮುಟ್ಟಿದ್ದಕ್ಕೆ ಸ್ವಲ್ಪ ಕೂಗಾಡಿದ, ಆಮೇಲೆ ವಿಷಯ ಕೇಳಿ ತಣ್ಣಗಾದ. "ಬೋಲ್ಟು ಉಕ್ಕು, ಸುತ್ತ ಇರೋದು ಅಲ್ಯೂಮಿನಿಯಂ, ಬೆಣ್ಣೆ ಇದ್ದ ಹಾಗೆ. ಡ್ರಿಲ್ಲು ಒಂದು ಕೂದಲು ಪಕ್ಕಕ್ಕೆ ಜಾರಿದ್ರೂ ಬೆಣ್ಣೆ ಕಡೆಗೇ ಓಡುತ್ತೆ. ನಟ್ಟನಡುವೆ ಗುರುತು ಮಾಡು. ಸಣ್ಣ ಮೊನೆಯಿಂದ ಶುರು ಮಾಡು. ಕೈ ಅಲ್ಲಾಡಿದ್ರೆ ಮುಗೀತು," ಅಂದ. ತೂತು ಕೊರೆದ ಮೇಲೆ ಅದರೊಳಗೆ ನಾಲ್ಕು ಮೂಲೆಯ ಯಾವುದಾದರೂ ಗಟ್ಟಿ ಕಬ್ಬಿಣ ಬಡಿದು ಕೂರಿಸಿ, ಅದನ್ನು ಹಿಡಿದು ತಿರುಗಿಸಬೇಕು ಅಂತಲೂ ಹೇಳಿಕೊಟ್ಟ.

ಮೂರನೇ ದಿನ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದೆ. ಚುಕ್ಕೆಯನ್ನು ಅರದಿಂದ ಉಜ್ಜಿ ಸಮ ಮಾಡಿ, ನಡುವೆ ಮೊಳೆಯಿಂದ ಸಣ್ಣ ಗುಳಿ ಬಡಿದೆವು. ಕಣ್ಣು ಕಾಣುವುದು ನನಗೆ ಚೆನ್ನಾಗಿ, ಹಾಗಾಗಿ ಡ್ರಿಲ್ಲು ನನ್ನ ಕೈಯಲ್ಲಿ. ನೇರವಾಗಿದೆಯೋ ಇಲ್ಲವೋ ಅಂತ ಪಕ್ಕದಿಂದ ನೋಡುವುದು ಸಮ್‌ಚುನ್ ಕೆಲಸ. ಗುಂಡಿ ಒತ್ತುವ ಮೊದಲೇ ನನ್ನ ಕೈ ನಡುಗತೊಡಗಿತು.

"ಉಸಿರು ಹಿಡಿಯೇ," ಅಂದರು ಸಮ್‌ಚುನ್. "ನೀರಲ್ಲಿ ನಿನ್ನ ಕೈ ಯಾವತ್ತಾದ್ರೂ ನಡುಗಿದೆಯಾ?"

ಉಸಿರು ಎಳೆದು ಹಿಡಿದೆ. ನಿಜ, ಕೈ ನಿಂತಿತು. ಉಸಿರಿರುವಷ್ಟು ಹೊತ್ತು ಕೊರೆಯುವುದು, ಡ್ರಿಲ್ ನಿಲ್ಲಿಸಿ ಉಸಿರು ಬಿಡುವುದು. ನೀರಿನಿಂದ ಮೇಲೆ ಬಂದಾಗ ನಮ್ಮ ಬಾಯಿಂದ ಹೊರಡುವ ಆ ಸಿಳ್ಳೆಯಂಥ ಸದ್ದು ಅಲ್ಲೂ ಬಂತು. ಪಕ್ಕದಲ್ಲಿ ಸಮ್‌ಚುನ್ ಕೂಡ ಅರಿವಿಲ್ಲದೆ ಉಸಿರು ಹಿಡಿದು, ನನ್ನ ಜೊತೆಗೇ ಬಿಡುತ್ತಿದ್ದರು. ಸಣ್ಣ ಮೊನೆ ಮುಗಿಸಿ ಸ್ವಲ್ಪ ದೊಡ್ಡದು ಹಾಕಿದೆ. ಉಕ್ಕಿನ ಸುರುಳಿಗಳು ಉದುರಿದವು. ಬೆಳ್ಳಗಿನ ಅಲ್ಯೂಮಿನಿಯಂ ಒಂದು ಚೂರೂ ಬರಲಿಲ್ಲ. ತೂತು ನಡುವೆಯೇ ಬಿದ್ದಿತ್ತು.

ಆಗ ಹೊರಗೆ ಸಣ್ಣ ಲಾರಿ ನಿಂತ ಸದ್ದಾಯಿತು. ಸಂಗ್‌ಬೊಮ್ ಒಳಗೆ ಬಂದ. ಮುನ್‌ಸು ಹೇಳಿರಬೇಕು. ಸ್ನೇಹಿತನ ಲಾರಿ ಕೇಳಿ ತಂದಿದ್ದ, ಹಿಂದೆ ಹಗ್ಗದ ಸುರುಳಿಯೂ ಇತ್ತು. ಐವತ್ತರ ಗಂಡಸು, ಅಮ್ಮನ ಹಾಗೇ ಅಗಲ ಭುಜ. ವೊಲ್‌ಹ್ವಾ ಸಮ್‌ಚುನ್‌ಗೆ ತಲೆ ಬಾಗಿಸಿ ನಮಸ್ಕಾರ ಮಾಡಿ, ಅಮ್ಮನ ಕಡೆ ತಿರುಗಿದ.

"ಸಾಕಮ್ಮ. ಗಾಡಿ ತಗೊಂಡು ಹೋಗೋಕೆ ಬಂದಿದೀನಿ."

"ಯಾರ ಗಾಡಿ?"

"ಅಮ್ಮಾ."

"ಯಾರ ಗಾಡಿ ಅಂದೆ."

"ನಿಂದೇ."

"ಹಾಗಾದ್ರೆ ಅಲ್ಲಿ ಕೂತ್ಕೊ. ಮಾತಾಡೋದಿದ್ರೆ ಮಾತಾಡು. ನನ್ನ ಕೈ ನಿಲ್ಲಲ್ಲ."

ಸಮ್‌ಚುನ್ ಹಳೇ ಅರವೊಂದನ್ನು ತೆಗೆದುಕೊಂಡರು. ಹಿಡಿ ಕಳಚಿದ ಅರ, ಅದರ ಬಾಲ ನಾಲ್ಕು ಮೂಲೆಯಾಗಿ ತುದಿಗೆ ಸಣ್ಣಗಾಗುತ್ತಾ ಹೋಗುತ್ತದೆ. ಆ ಬಾಲವನ್ನು ತೂತಿನೊಳಗಿಟ್ಟು ಸುತ್ತಿಗೆಯಿಂದ ಬಡಿದರು. ನಾಲ್ಕು ಮೂಲೆಯೂ ಬೋಲ್ಟಿನ ಒಳಮೈಯನ್ನು ಕಚ್ಚಿಕೊಂಡವು.

"ಮುನ್‌ಸು ಬಾಯಿ ಮುಚ್ಚಿಸ್ದೆಯಲ್ಲ, ನನ್ನ ಹತ್ರಾನೇ ಯಾಕೆ ಬರ್ಲಿಲ್ಲ?" ಅಂದರು, ಮುಖ ಎತ್ತದೆ.

"ಬಂದಿದ್ರೆ ನನ್ನ ಮಾತು ಕೇಳ್ತಿದ್ಯಾ?"

"ಇಲ್ಲ."

"ಮತ್ತೆ?"

"ಕೇಳದೆ ಇರೋದು ನನ್ನಿಷ್ಟ. ಹೇಳದೆ ಇದ್ದದ್ದು ನಿನ್ನ ತಪ್ಪು."

ಸಂಗ್‌ಬೊಮ್ ಚಾಪೆಯ ಅಂಚಿಗೆ ಕೂತ. "ಹೋದ ತಿಂಗಳು ನನ್ನ ಬಸ್ಸಿನ ಮುಂದೇನೇ ಒಬ್ಬ ಅಜ್ಜ ಬಿದ್ದ. ಇಂಥದ್ದೇ ಗಾಡಿ. ತಾಕಿದ್ದು ಕಾರು, ನಾನಲ್ಲ. ಆದ್ರೆ ಮೊದಲು ಇಳಿದು ಹೋದವನು ನಾನು. ಗಾಡಿ ಒಂದು ಕಡೆ, ಅವನ ಬುಟ್ಟಿಯ ಮೂಲಂಗಿ ಎಲ್ಲ ರಸ್ತೆ ತುಂಬಾ. ಅಂಬ್ಯುಲೆನ್ಸ್ ಬರೋವರೆಗೂ ಅವನ ಕೈ ಹಿಡ್ಕೊಂಡಿದ್ದೆ. ಕೈ ತಣ್ಣಗಾಗ್ತಾ ಬಂತಮ್ಮ. ಅವತ್ತಿಂದ ಫೋನ್ ಬಡ್ಕೊಂಡ್ರೆ ಸಾಕು, ನಿನ್ನ ವಿಷಯಾನೇ ಅನ್ಸುತ್ತೆ."

ಸಮ್‌ಚುನ್ ಕೈ ನಿಂತಿತು. ನಿಲ್ಲಲ್ಲ ಅಂದಿದ್ದ ಕೈ. ಮಗನನ್ನು ನೋಡಿದರು. ನೋಟದಲ್ಲಿ ಸಿಟ್ಟಿರಲಿಲ್ಲ.

"ಇದನ್ನ ಮೊದಲೇ ಹೇಳ್ಬೇಕಿತ್ತು ನೀನು."

"ಈಗ ಹೇಳಿದೀನಿ."

"ಕೇಳಿಸ್ಕೊಂಡೆ. ನೀನು ಚಿಕ್ಕವನಿದ್ದಾಗ, ನಾನು ನೀರಿಗಿಳಿದಾಗೆಲ್ಲ ನೀನು ಇದೇ ದಡದಲ್ಲಿ ಕೂತು ಅಳ್ತಿದ್ದೆ. ನನಗೆ ಕೇಳಿಸ್ತಿತ್ತು. ಆದ್ರೂ ಇಳೀತಿದ್ದೆ. ನಿನ್ನ ಅಳು ಕೇಳಿ ನಾನು ದಡದಲ್ಲೇ ಕೂತಿದ್ರೆ ನಾವಿಬ್ಬರೂ ಏನು ತಿಂತಿದ್ವಿ? ಭಯ ಆದ್ರೆ ಭಯ ಪಡು ಮಗಾ, ನಾನು ಬೇಡ ಅನ್ನಲ್ಲ. ನಿನ್ನ ಭಯಕ್ಕೆ ನನ್ನ ಕಾಲು ಕಟ್ಟಬೇಡ."

ಆಮೇಲೆ ನನ್ನ ಕಡೆ ತಿರುಗಿ, "ಉರಿ ಹಚ್ಚೇ," ಅಂದರು.

ಗ್ಯಾಸಿನ ಸಣ್ಣ ಉರಿಯನ್ನು ಬೋಲ್ಟಿಗೆ ತಾಕಿಸದೆ ಸುತ್ತಲಿನ ಅಲ್ಯೂಮಿನಿಯಂಗೆ ಹಿಡಿದೆ. ಕಾದರೆ ಅದು ಉಕ್ಕಿಗಿಂತ ಬೇಗ ಹಿಗ್ಗಿ ಹಿಡಿತ ಬಿಡುತ್ತದೆ ಅಂತ ಗಂಡ ಹೇಳಿದ್ದ. ಉಗುಳು ಚುರ್ ಅನ್ನುವಷ್ಟು ಕಾದ ಮೇಲೆ ಸಮ್‌ಚುನ್ ಮೇಣದಬತ್ತಿಯನ್ನು ಬೋಲ್ಟಿನ ಅಂಚಿಗೆ ಒತ್ತಿದರು. ಮೇಣ ಕರಗಿ ಒಳಗೆ ಹೀರಿಕೊಂಡಿತು. ಅರದ ಬುಡಕ್ಕೆ ಇಕ್ಕಳ ಕಚ್ಚಿಸಿ, ಈ ಸಲ ಮೈಭಾರ ಹಾಕದೆ, ಬರೀ ಮಣಿಕಟ್ಟಿನಿಂದ ಒತ್ತಿದರು.

ಏನೂ ಆಗಲಿಲ್ಲ. ಮತ್ತೆ ಕಾಯಿಸಿದೆ. ಮತ್ತೆ ಮೇಣ.

"ಕೊಡಮ್ಮ, ನಾನು ನೋಡ್ತೀನಿ," ಅಂತ ಸಂಗ್‌ಬೊಮ್ ಎದ್ದ.

"ಕೈ ಹಿಂದಕ್ಕೆ ತಗೊ."

"ನನಗೆ ಶಕ್ತಿ ಜಾಸ್ತಿ ಇದೆ."

"ಶಕ್ತಿ ಹಾಕಿಯೇ ನಿನ್ನೆ ಮುರಿದದ್ದು."

ಮೂರನೇ ಸಲ ಕಾಯಿಸಿದಾಗ ಒಳಗಿನಿಂದ ಕಿರ್ ಅಂತ ತೀರಾ ಸಣ್ಣ ಸದ್ದು ಬಂತು. ಕಿವಿಗಿಂತ ಹೆಚ್ಚಾಗಿ ನೆಲಕ್ಕೆ ಒರಗಿದ್ದ ನನ್ನ ಮೊಣಕೈಗೆ ಗೊತ್ತಾಯಿತು. ಸಮ್‌ಚುನ್ ತಕ್ಷಣ ನಿಲ್ಲಿಸಿದರು.

"ಬಂತಾ?" ಅಂದರು ವೊಲ್‌ಹ್ವಾ ಸಮ್‌ಚುನ್.

"ಶ್."

ಒಂದು ಎಳೆ ಹಿಂದಕ್ಕೆ, ಎರಡು ಎಳೆ ಮುಂದಕ್ಕೆ. ಮೇಣದ ಹೊಗೆ ಕಣ್ಣಿಗೆ ಅಡರುತ್ತಿತ್ತು. ಬೇಯಿಸಿದ ಶಂಖದಿಂದ ಮಾಂಸವನ್ನು ತುಂಡಾಗದ ಹಾಗೆ ತಿರುಚಿ ತಿರುಚಿ ಎಳೆಯುತ್ತೇವಲ್ಲ, ಅಷ್ಟೇ ತಾಳ್ಮೆಯಿಂದ ತಿರುವಿದರು. ಕೆಂಪು ತುಕ್ಕಿನ ಪುಡಿ ಉದುರಿತು. ಕೊನೆಗೆ ಅರದ ಬಾಲಕ್ಕೆ ಅಂಟಿಕೊಂಡೇ ಬೋಲ್ಟಿನ ಬುಡ ಹೊರಗೆ ಬಂತು, ಕಿರುಬೆರಳ ಒಂದು ಗೆಣ್ಣಿನಷ್ಟು.

ಸಮ್‌ಚುನ್ ಅದನ್ನು ಆರುವವರೆಗೆ ನೆಲದ ಮೇಲಿಟ್ಟು ನೋಡುತ್ತಾ ಕೂತರು. ನಗಲೂ ಇಲ್ಲ, ಏನೂ ಇಲ್ಲ. ಬಲಗೈ ಬೆರಳುಗಳು ಮಾತ್ರ ತಾವಾಗಿಯೇ ನಡುಗುತ್ತಿದ್ದವು. ಮಗ ಅದನ್ನು ನೋಡಿದ. ನೋಡಿದ್ದು ಅಮ್ಮನಿಗೂ ಗೊತ್ತಾಯಿತು. ಕೈಯನ್ನು ಬಚ್ಚಿಡಲಿಲ್ಲ.

"ಮುನ್‌ಸು ಅಂಗಡಿಗೆ ಹೋಗ್ಬೇಕು," ಅಂದು ಎದ್ದರು.

"ಲಾರೀಲಿ ಬಿಡ್ತೀನಿ," ಅಂದ ಸಂಗ್‌ಬೊಮ್.

"ಗುಜರಿಗೆ ಅಂತ ತಂದ ಲಾರಿ ಅದು. ನಾನು ಹತ್ತಲ್ಲ."

ಗಾಳಿಗೆ ಎದುರಾಗಿ ನಾವಿಬ್ಬರೇ ನಡೆದುಹೋದೆವು. ಮುನ್‌ಸು ಯಾರದೋ ಚಕ್ರ ಬಿಚ್ಚುತ್ತಿದ್ದ. ಸಮ್‌ಚುನ್ ಬೋಲ್ಟಿನ ತುಂಡನ್ನು ಅವನ ಕೆಲಸದ ಮೇಜಿನ ಮೇಲೆ ಇಟ್ಟರು.

"ಬರಲ್ಲ ಅಂದೆಯಲ್ಲ, ಬಂದಿದೆ. ಇದರ ಅಳತೆಗೆ ಹೊಸದು ಕೊಡು. ಎರಡು ಕೊಡು."

ಮುನ್‌ಸು ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ತಿರುಪಿನ ಎಳೆಗಳು ಒಂದೂ ಕಿತ್ತಿರಲಿಲ್ಲ. ಅವನ ಕಿವಿ ಕೆಂಪಾಯಿತು. ತುಕ್ಕು ಹಿಡಿಯದ ಉಕ್ಕಿನ ಎರಡು ಬೋಲ್ಟು ಹುಡುಕಿ ತಂದ. "ನಾನೇ ಬಂದು ಹಾಕ್ಕೊಡ್ತೀನಿ ಸಮ್‌ಚುನ್."

"ಬೇಡ."

"ತೂತಿನ ಒಳಗಿನ ತಿರುಪಿನಲ್ಲಿ ತುಕ್ಕು ಇರುತ್ತೆ. ಇದರಿಂದ ಸವರಿ ತೆಗೆದು ಆಮೇಲೆ ಹಾಕಿ." ತಿರುಪಿನ ಎಳೆ ಸವರುವ ಸಣ್ಣ ಸಾಧನವೊಂದನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ. "ಸಮ್‌ಚುನ್, ಆ ದಿನ ನಾನು..."

ಸಮ್‌ಚುನ್ ಸಾಧನ ತೆಗೆದುಕೊಂಡರು. "ಇದನ್ನ ನಾಳೆ ತಂದ್ಕೊಡ್ತೀನಿ. ಕ್ಷಮೆ ನಾಳೆ ಕೇಳು. ಇವತ್ತು ನನಗೆ ಪುರುಸೊತ್ತಿಲ್ಲ."

ಮಧ್ಯಾಹ್ನ ಸ್ವಲ್ಪ ಇಳಿಯುವ ಹೊತ್ತಿಗೆ ಕೊಳವೆ ಮತ್ತೆ ಬಿಗಿಯಾಗಿ ಕೂತಿತ್ತು. ಒದ್ದಾಗ ಗಾಡಿ ಹಳೇ ದನಿಯಲ್ಲಿ, ಪುಟಪುಟ ಅಂತ ಚಾಲೂ ಆಯಿತು. ವೊಲ್‌ಹ್ವಾ ಸಮ್‌ಚುನ್, "ಇಷ್ಟೇ ಸದ್ದಾ? ಮೊದಲೇ ಚೆನ್ನಾಗಿತ್ತು," ಅಂದರು.

ಆ ದಿನ ಪಕ್ಕದ ಊರು ಸೆಹ್ವಾದಲ್ಲಿ ಸಂತೆ. ಸಮ್‌ಚುನ್ ಹೊರಟೇಬಿಟ್ಟರು, ಹಿಂದೆ ನಾನು. ಕರಾವಳಿ ರಸ್ತೆಗೆ ಬಂದ ಮೇಲೆ ತಿರುಗಿ ನೋಡಿದೆ. ಖಾಲಿ ಲಾರಿ ನಮ್ಮ ಹಿಂದೆಯೇ ಬರುತ್ತಿತ್ತು, ಎರಡೂ ಕಡೆಯ ಹಳದಿ ದೀಪ ಮಿಣುಕಿಸಿಕೊಂಡು.

"ಬರ್ತಿದಾನೆ ಸಮ್‌ಚುನ್."

"ಬರ್ಲಿ. ರಸ್ತೆ ಅವನಪ್ಪಂದಲ್ಲ, ನನ್ನಪ್ಪಂದೂ ಅಲ್ಲ."

ವೇಗ ಹೆಚ್ಚಿಸಲಿಲ್ಲ. ಬದಲಿಗೆ ಇನ್ನೂ ನಿಧಾನ ಮಾಡಿ, ನೆಟ್ಟನೆಯ ಬೆನ್ನಿನಲ್ಲಿ, ರಾಣಿ ಮೆರವಣಿಗೆ ಹೊರಟ ಹಾಗೆ ಹೊರಟರು. ಲಾರಿಯ ಹಿಂದೆ ಪ್ರವಾಸಿಗರ ಬಾಡಿಗೆ ಕಾರುಗಳು ಸಾಲುಗಟ್ಟಿದವು. ಯಾರೋ ಹಾರ್ನ್ ಹೊಡೆದರು. ಸಂಗ್‌ಬೊಮ್ ಕಿಟಕಿಯಿಂದ ಕೈ ಹೊರಹಾಕಿ, ಮುಂದೆ ಹೋಗಬೇಡಿ ಅಂತ ಅವರನ್ನೇ ತಡೆದ. ನಾನು ಅದನ್ನು ಸಮ್‌ಚುನ್‌ಗೆ ಹೇಳಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿರಬೇಕು, ಕಿವಿಯ ಹಿಂದಿನ ಸುಕ್ಕುಗಳು ಮೇಲೆದ್ದವು.

ಸಂತೆಯಲ್ಲಿ ಮೂಲಂಗಿ ತುಂಬಿದ ಗೋಧಿರೊಟ್ಟಿಯ ಸುರುಳಿಗಳನ್ನು ಕಟ್ಟಿಸಿ, ಲಾರಿಯ ಹತ್ತಿರ ಹೋಗಿ ಮಗನ ಕೈಗೆ ಕೊಟ್ಟರು. "ಬಿಸಿ ಇರುವಾಗ್ಲೇ ತಿನ್ನು."

ಅವನು ತಿನ್ನುತ್ತಾ, "ವಾಪಸ್ ಹೋಗುವಾಗ ನಾನು ಮುಂದೆ ಹೋಗ್ತೀನಿ, ನೀನು ಹಿಂದೆ ಬಾ. ಗಾಳಿ ಅಡ್ಡ ಬೀಸ್ತಿದೆ," ಅಂದ.

"ಹಿಂದೆ ಬರೋನು ನೀನು," ಅಂದು ಸಮ್‌ಚುನ್ ಗಾಡಿ ಹತ್ತಿದರು.

ಅದಾಗಿ ಎರಡು ವರ್ಷ. ಮಗ ಗಾಡಿ ಬಿಡು ಅನ್ನುವುದನ್ನು ನಿಲ್ಲಿಸಿಲ್ಲ, ಆದರೆ ಈಗ ಅಮ್ಮನ ಮುಖಕ್ಕೇ ಹೇಳುತ್ತಾನೆ. ಅಮ್ಮ ಇಲ್ಲ ಅನ್ನುವುದನ್ನೂ ನಿಲ್ಲಿಸಿಲ್ಲ. ಈ ಬೆಳಿಗ್ಗೆ ಕೂಡ ಸಮ್‌ಚುನ್ ಬ್ರೇಕ್ ಸಾಲದು ಅಂತ ಗಾಡಿಯನ್ನು ಮುನ್‌ಸು ಹತ್ತಿರ ಬಿಟ್ಟು ಬಂದಿದ್ದಾರೆ. ಸಂಜೆಯೊಳಗೆ ಬೇಕು ಅಂತ ಹೇಳಿದ್ದಾರೆ.